ಕೋಟೆ ಹತ್ತಿದವರು ಕೇದಾರ ಹತ್ತಬಹುದೇ?

ಪ್ರಶ್ನೆ: ನಾವು ದಾವಣಗೆರೆಯವರು. ಬರುವ ಮೇ ತಿಂಗಳಲ್ಲಿ ಕೇದಾರನಾಥ, ಬದರೀನಾಥಗಳಿಗೆ ಹೋಗಬೇಕೆಂದಿದ್ದೇವೆ. ನನಗೆ 44 ವರ್ಷ, ಯಜಮಾನರಿಗೆ 50, ಮಗನಿಗೆ 14. ಜೊತೆಗೆ 68 ವರ್ಷದ ನಮ್ಮ ಅತ್ತೆ ಬರುತ್ತಾರೆ. ಅವರಿಗೆ ಮಂಡಿನೋವಿದೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾರೆ; ಆದರೆ ಕೇದಾರ ನೋಡಲೇಬೇಕೆಂಬ ಹಟ. ನಾಲ್ಕು ಭಾನುವಾರ ಚಿತ್ರದುರ್ಗದ ಕೋಟೆ ಹತ್ತಿ ಇಳಿದರೆ ಸಾಕು, ಆಮೇಲೆ ಕೇದಾರ ಏನೂ ಅಲ್ಲ ಎಂದು ಹೋಗಿಬಂದ ಪರಿಚಿತರು ಹೇಳುತ್ತಾರೆ. ಅತ್ತೆಯವರನ್ನು ಹೆಲಿಕಾಪ್ಟರ್‌ನಲ್ಲಿ ಕರೆದುಕೊಂಡು ಹೋದರೆ ಯಾವ ತೊಂದರೆಯೂ ಇಲ್ಲ ಎಂದು ಪ್ರವಾಸ ಏರ್ಪಡಿಸುವವರು ಹೇಳಿದ್ದಾರೆ. ಈ ಎರಡು ಮಾತುಗಳೂ ಸರಿಯೇ?

ಉತ್ತರ: ಮೊದಲನೆಯ ಮಾತು ಅರ್ಧ ಸರಿ. ಎರಡನೆಯದು ಬಹುಪಾಲು ತಪ್ಪು. ಯಾವ ಅರ್ಧ ಸರಿ, ಯಾವುದು ಏಕೆ ತಪ್ಪು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಯಾತ್ರಿಕರ ತಂಡಗಳ ಜೊತೆ ಬೆಟ್ಟ ಸುತ್ತುವ ನನಗೆ ಪ್ರತಿ ವರ್ಷವೂ ಎದುರಾಗುವ ಪ್ರಶ್ನೆ ಇದು.

ಬೆಟ್ಟ ಹತ್ತುವವರಲ್ಲಿ ಎರಡು ಬೇರೆ ಬೇರೆ ಸಾಮರ್ಥ್ಯಗಳು ಇರಬೇಕು. ಒಂದು ಕಾಲಿನದು: ಮೆಟ್ಟಿಲು, ಏರು, ಇಳಿಜಾರುಗಳನ್ನು ಗಂಟೆಗಟ್ಟಲೆ ತಾಳಿಕೊಳ್ಳುವ ಸ್ನಾಯು, ಮಂಡಿ, ಪಾದ. ಇನ್ನೊಂದು ಎತ್ತರದ ತೆಳುಗಾಳಿಗೆ ಒಗ್ಗಿಕೊಳ್ಳುವುದು. ಕಾಲನ್ನು ದುರ್ಗದಲ್ಲಿ ಚೆನ್ನಾಗಿ ಪಳಗಿಸಬಹುದು. ತೆಳುಗಾಳಿಯ ಅಭ್ಯಾಸವನ್ನು ಮಾತ್ರ ದುರ್ಗದಲ್ಲಾಗಲಿ, ಕರ್ನಾಟಕದ ಬೇರೆ ಯಾವ ಬೆಟ್ಟದಲ್ಲಾಗಲಿ ಮಾಡಲು ಬರುವುದಿಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕೇದಾರದ ನಡಿಗೆ ಶುರುವಾಗುವ ಗೌರಿಕುಂಡವೇ 1,980 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ತುದಿ ಮುಗಿದ ಮೇಲೆ ಅವರ ಬುಡ ಆರಂಭವಾಗುತ್ತದೆ. ಕೇದಾರನಾಥ ದೇವಾಲಯ ಇರುವುದು ಸುಮಾರು 3,580 ಮೀಟರ್‌ನಲ್ಲಿ. ದಾವಣಗೆರೆಯಿರುವುದು 600 ಮೀಟರ್ ಆಸುಪಾಸಿನಲ್ಲಿ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲೇನೂ ಬದಲಾಗುವುದಿಲ್ಲ, ಅದು ಎಲ್ಲೆಡೆಯೂ ಸುಮಾರು ಶೇಕಡಾ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಒತ್ತಡ ಇಳಿದರೆ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಇಳಿಯುತ್ತದೆ. ದಾವಣಗೆರೆಯಲ್ಲಿ ಒಂದು ಉಸಿರಿಗೆ ಸಿಗುವುದಕ್ಕೆ ಹೋಲಿಸಿದರೆ ಕೇದಾರದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ; ಉಸಿರಾಟ ಆಳವಾಗುತ್ತದೆ, ಹೃದಯ ಚುರುಕಾಗುತ್ತದೆ, ಮೂತ್ರಪಿಂಡಗಳು ರಕ್ತದ ಆಮ್ಲ-ಕ್ಷಾರ ಸಮತೋಲವನ್ನು ತಿದ್ದುತ್ತವೆ. ಆದರೆ ಅದಕ್ಕೆ ದಿನಗಳು ಹಿಡಿಯುತ್ತವೆ. ಈ ಹೊಂದಾಣಿಕೆಗೂ ತೋಳಿನ ಬಲಕ್ಕೂ ಸಂಬಂಧವಿಲ್ಲ. ದಿನವೂ ವ್ಯಾಯಾಮ ಮಾಡುವ ಗಟ್ಟಿಮುಟ್ಟಾದ ಯುವಕನೂ ಕೇದಾರದಲ್ಲಿ ತಲೆನೋವು, ವಾಂತಿಯಿಂದ ಮಲಗಿಬಿಡಬಹುದು. ಬಲವಿದೆ ಎಂದು ಬೇಗ ಬೇಗ ಹತ್ತಿಬಿಡುವುದರಿಂದ ಅಂಥವರೇ ಹೆಚ್ಚು ಸಿಕ್ಕಿಬೀಳುತ್ತಾರೆ. ನಿಮ್ಮ ಮನೆಯಲ್ಲಿ ಈ ದೃಷ್ಟಿಯಿಂದ ನನಗೆ ಹೆಚ್ಚು ಚಿಂತೆ ನಿಮ್ಮ ಮಗನದು. ಅತ್ತೆಯವರನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಹದಿನಾಲ್ಕರ ಹುಡುಗ ಎಲ್ಲರಿಗಿಂತ ಮುಂದೆ ಓಡಿ, ಮೇಲೆ ಹೋಗಿ ಒಬ್ಬನೇ ಕುಳಿತಿರುತ್ತಾನೆ.

ಈಗ ಕಾಲಿನ ವಿಷಯ, ಅಂದರೆ ಪರಿಚಿತರ ಮಾತಿನ ಸರಿಯಾದ ಅರ್ಧ.

ಚಿತ್ರದುರ್ಗದ ಕೋಟೆ ಅಭ್ಯಾಸಕ್ಕೆ ನಿಜಕ್ಕೂ ಒಳ್ಳೆಯ ಜಾಗ. ಆದರೆ ನಾಲ್ಕು ಭಾನುವಾರ ಸಾಲದು. ಎರಡು ಮೂರು ತಿಂಗಳು ಬೇಕು. ವಾರದ ದಿನಗಳಲ್ಲಿ ಮುಕ್ಕಾಲು ಗಂಟೆ ಬಿರುಸು ನಡಿಗೆ ಮತ್ತು ಮನೆಯ ಮಹಡಿ ಮೆಟ್ಟಿಲು, ವಾರಕ್ಕೊಮ್ಮೆ ಬೆಟ್ಟ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಆ ಕಣಶಿಲೆಯ ಬಂಡೆಗಳು ಹನ್ನೊಂದು ಗಂಟೆಯ ಹೊತ್ತಿಗೆ ಕಾದ ಹೆಂಚಾಗಿರುತ್ತವೆ, ಮೇಲೆ ಕುಡಿಯುವ ನೀರು ಸಿಗುವುದು ಕಷ್ಟ. ಬೆಣ್ಣೆದೋಸೆ ತಿಂದು ಹೊರಡುವ ದಾವಣಗೆರೆಯ ಪದ್ಧತಿಯನ್ನು ಆ ದಿನದ ಮಟ್ಟಿಗೆ ತಿರುವುಮುರುವು ಮಾಡಿಕೊಳ್ಳಿ, ಇಳಿದು ಬಂದು ತಿನ್ನಿ.

ಕೋಟೆಯಲ್ಲಿ ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ ಕಲಿಯಿರಿ. ಹತ್ತುವಾಗ ಏದುಸಿರು ಬರುತ್ತದೆ, ಆದ್ದರಿಂದ ಅದೇ ಕಷ್ಟ ಅನ್ನಿಸುತ್ತದೆ. ಮಂಡಿ ಹಾಳಾಗುವುದು ಇಳಿಯುವಾಗ. ಪ್ರತಿ ಹೆಜ್ಜೆಗೂ ಮೈಭಾರ ಒಂದೇ ಮಂಡಿಯ ಮೇಲೆ ಬೀಳುತ್ತದೆ. ತೊಡೆಯ ಮುಂಭಾಗದ ಸ್ನಾಯು ಆ ಭಾರವನ್ನು ತಡೆದು ನಿಧಾನವಾಗಿ ಇಳಿಸಬೇಕು. ಬಯಲುಸೀಮೆಯ ನಮ್ಮ ದಿನನಿತ್ಯದ ಬದುಕಿನಲ್ಲಿ ಆ ಸ್ನಾಯುವಿಗೆ ಅಂಥ ಕೆಲಸವೇ ಇರುವುದಿಲ್ಲ. ಗೌರಿಕುಂಡದಿಂದ ಕೇದಾರಕ್ಕೆ 16 ಕಿಲೋಮೀಟರ್ ಹತ್ತಿದವರು ಮರುದಿನ ಅಷ್ಟೇ ದೂರ, 1,600 ಮೀಟರ್‌ನಷ್ಟು, ಇಳಿಯಬೇಕು. ಕೋಟೆಯ ಏರು ಇಳಿತ ಅದರ ಒಂದು ಸಣ್ಣ ತುಣುಕು. ಆದ್ದರಿಂದ ಒಂದು ಬೆಳಿಗ್ಗೆಯಲ್ಲಿ ಒಂದೇ ಸುತ್ತು ಹಾಕಿ ಮನೆಗೆ ಬರಬೇಡಿ. ಏಕನಾಥೇಶ್ವರಿ ಗುಡಿಯವರೆಗೆ ಹತ್ತಿ ಇಳಿಯಿರಿ, ಮತ್ತೆ ಹತ್ತಿರಿ. ಎರಡು ಊರುಗೋಲು ಹಿಡಿದು ಇಳಿಯುವ ಅಭ್ಯಾಸವನ್ನು ಇಲ್ಲಿಯೇ ಮಾಡಿಕೊಳ್ಳಿ. ಜನ ನೋಡಿ ನಗುತ್ತಾರೆ, ನಗಲಿ. ಬಂಡೆಗೆ ಕೊರೆದ ಕಚ್ಚುಗಳಲ್ಲಿ ಕಾಲಿಟ್ಟು ಹತ್ತುವ ತುಪ್ಪದ ಕೊಳದ ಬತೇರಿಗೆ ಮಗ ಹೋಗುತ್ತೇನೆಂದರೆ ಬಿಡಬೇಡಿ. ಕೇದಾರದ ದಾರಿಯಲ್ಲಿ ಎಲ್ಲಿಯೂ ಬೇಕಾಗದ ಸಾಹಸ ಅದು, ಕಾಲು ಮುರಿದುಕೊಂಡರೆ ಯಾತ್ರೆಯೇ ತಪ್ಪುತ್ತದೆ.

ಅಭ್ಯಾಸ ಎಂದು ಹೇಳಿದೆನೆಂದು ಕೋಟೆಯನ್ನು ವ್ಯಾಯಾಮಶಾಲೆ ಮಾಡಿಕೊಂಡರೆ ನನಗೆ ಬೇಸರವಾಗುತ್ತದೆ. ಬೆಟ್ಟದ ಯಾತ್ರೆಗೆ ಕಾಲಿನ ಜೊತೆಗೆ ಕಣ್ಣನ್ನೂ ಸಿದ್ಧಪಡಿಸಬೇಕು. ದುರ್ಗದ ಬಾಗಿಲುಗಳು ಯಾವುದೂ ನೇರವಾಗಿಲ್ಲ, ದಾರಿ ಮುರಿದು ಮುರಿದು ತಿರುಗುತ್ತದೆ. ಆನೆಯಾಗಲಿ ದಂಡಾಗಲಿ ಓಡಿಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದೆಂದು ಹಾಗೆ ಕಟ್ಟಿದ್ದಾರೆ. ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳನ್ನು ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ನೀರನ್ನು ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ ಎಂದು ಬಂಡೆಗಳ ನಡುವೆ ಬಿದ್ದ ಮಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿದಿಟ್ಟು ಕೊನೆಗೆ ಊರೊಳಗಿನ ಸಂತೆಹೊಂಡದವರೆಗೂ ತಂದ ಜಾಣ್ಮೆ ಅದು. 1779ರಲ್ಲಿ ಹೈದರಾಲಿಗೆ ಸೋಲುವವರೆಗೆ ನಾಯಕರು ಮುತ್ತಿಗೆಗಳನ್ನು ತಾಳಿಕೊಂಡಿದ್ದು ಗೋಡೆಗಳ ಬಲದಿಂದ ಎಷ್ಟೋ, ಈ ಹೊಂಡಗಳ ಬಲದಿಂದಲೂ ಅಷ್ಟೇ ಎಂದು ನನ್ನ ಎಣಿಕೆ. ಓಬವ್ವನ ಕಿಂಡಿಯ ಕಥೆಯನ್ನೇ ನೆನಪಿಸಿಕೊಳ್ಳಿ: ಕಾವಲುಗಾರನ ಹೆಂಡತಿ ಆ ಕಿಂಡಿಯಲ್ಲಿ ನುಸುಳಿದವರನ್ನು ಕಂಡಿದ್ದು ಗಂಡನ ಊಟಕ್ಕೆ ನೀರು ತರಲು ಹೋದಾಗ.

ಹಿಡಿಂಬೇಶ್ವರನ ಗುಡಿಗೆ ಅತ್ತೆಯವರನ್ನು ಕರೆದುಕೊಂಡು ಹೋಗಿ. ಇದೇ ಬೆಟ್ಟದಲ್ಲಿ ಭೀಮ ಹಿಡಿಂಬನನ್ನು ಕೊಂದ ಎನ್ನುತ್ತದೆ ಸ್ಥಳಪುರಾಣ. ಕೇದಾರದ ಸ್ಥಳಪುರಾಣದಲ್ಲಿಯೂ ಇದೇ ಭೀಮನಿದ್ದಾನೆ: ಎತ್ತಿನ ರೂಪ ತಾಳಿ ನೆಲಕ್ಕಿಳಿಯುತ್ತಿದ್ದ ಶಿವನನ್ನು ಹಿಡಿಯಹೋದವನು ಅವನು, ಹಿಣಿಲು ಮಾತ್ರ ಅಲ್ಲಿ ಉಳಿಯಿತಂತೆ. ಎರಡು ಕಥೆಗಳನ್ನೂ ಮೊಮ್ಮಗನಿಗೆ ಅಜ್ಜಿಯೇ ಹೇಳಲಿ. ಹುಡುಗ ಅವರ ಜೊತೆಯಲ್ಲೇ ನಿಧಾನವಾಗಿ ಹತ್ತಲು ಅದೊಂದು ಉಪಾಯವೂ ಹೌದು.

ಕೋಟೆಯ ಮೆಟ್ಟಿಲುಗಳು ಅಭ್ಯಾಸವಾದ ಮೇಲೆ ಜೋಗಿಮಟ್ಟಿಗೆ ಹೋಗಿ. ದುರ್ಗದ ಪಕ್ಕದಲ್ಲೇ ಇರುವ ಈ ವನ್ಯಜೀವಿಧಾಮದಲ್ಲಿ ಮೆಟ್ಟಿಲುಗಳಿಲ್ಲ, ಸುತ್ತಿ ಸುತ್ತಿ ಏರುವ ದಾರಿಯಿದೆ. ಕೇದಾರದ ದಾರಿಯ ಸ್ವಭಾವಕ್ಕೆ ಇದು ಕೋಟೆಗಿಂತ ಹತ್ತಿರ. ಮೇಲೆ ಬೀಸುವ ಗಾಳಿಗೆ ಮೇ ತಿಂಗಳಲ್ಲೂ ಕಿವಿ ಮುಚ್ಚಿಕೊಳ್ಳಬೇಕು, ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಬೆವರಿದ ಮೈಗೆ ತಣ್ಣನೆಯ ಗಾಳಿ ಬಡಿದಾಗ ಏನಾಗುತ್ತದೆ, ಹತ್ತಿಯ ಬನಿಯನ್ ಒದ್ದೆಯಾದರೆ ಎಷ್ಟು ಹೊತ್ತು ಒಣಗುವುದಿಲ್ಲ ಎಂಬುದನ್ನು ಅಲ್ಲಿ ಒಮ್ಮೆ ಅನುಭವಿಸಿದರೆ ಮುಂದೆ ಬಟ್ಟೆ ಆರಿಸುವಾಗ ಯಾರೂ ಹೇಳಿಕೊಡಬೇಕಾಗಿಲ್ಲ. ಕರಡಿ, ಚಿರತೆಗಳಿರುವ ಕಾಡು, ಅರಣ್ಯ ಇಲಾಖೆಯ ಅನುಮತಿಯನ್ನೂ ಹೊತ್ತಿನ ನಿಯಮವನ್ನೂ ಕೇಳಿಕೊಂಡೇ ಹೋಗಬೇಕು.

ಆದರೆ ಒಂದೇ ಒಂದು ಬೆಟ್ಟ ಆರಿಸಿ ಎಂದರೆ ನಾನು ಹೇಳುವುದು ಜಟಿಂಗರಾಮೇಶ್ವರ. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರ್ ದಾಟುತ್ತದೆ. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದಿದ್ದು ಇಲ್ಲಿ ಎಂಬ ನಂಬಿಕೆಯಿದೆ, ತುದಿಯಲ್ಲಿ ರಾಮೇಶ್ವರನ ಗುಡಿಯಿದೆ. ಗುಡಿಯ ಬಳಿಯ ಬಂಡೆಯ ಮೇಲೆ ಅಶೋಕನ ಶಾಸನ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆಯಾದ್ದರಿಂದ ಅದಕ್ಕೆ ಬಳೆಗಾರಗುಂಡು ಎಂದೇ ಹೆಸರು. ಅಕ್ಷರಗಳು ಬಹಳ ಸವೆದಿವೆ. ಅದೇ ಶಾಸನದ ಹೆಚ್ಚು ಸ್ಪಷ್ಟ ಪ್ರತಿ ಕೆಳಗಿನ ಬ್ರಹ್ಮಗಿರಿಯ ಅಕ್ಷರಗುಂಡಿನ ಮೇಲಿದೆ, ಮೂರನೆಯದು ಸಿದ್ದಾಪುರದಲ್ಲಿದೆ. ಮೂರನ್ನೂ 1892ರಲ್ಲಿ ಪತ್ತೆಮಾಡಿದವರು ಶಾಸನತಜ್ಞ ಬಿ. ಎಲ್. ರೈಸ್. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ಬ್ರಾಹ್ಮಿಯಲ್ಲಿ ಕೊರೆದ ಲಿಪಿಕಾರ ಚಪಡ, ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದು ಮುಗಿಸಿದ್ದಾನೆ. ತಾಯಿತಂದೆಯರ ಮಾತು ಕೇಳಬೇಕು, ಗುರುಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಒಂದು ಭಾಗದ ಸಾರ. ಅಕ್ಷರಗುಂಡಿನ ಹತ್ತಿರವೇ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ನೆಲ, ಬೃಹತ್ ಶಿಲಾಯುಗದ ಗೋರಿಗಳು.

ಇತಿಹಾಸ, ಭಕ್ತಿ, ನೋಟ ಮೂರೂ ಒಂದೇ ದಿನದಲ್ಲಿ ಸಿಗುವ ಇಂಥ ಬೆಟ್ಟ ಕೈಯಳತೆಯಲ್ಲಿದ್ದೂ ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ. ಮೊಳಕಾಲ್ಮೂರಿಗೆ ಹೋದವರು ರೇಷ್ಮೆ ಸೀರೆ ಕೊಂಡು ಹಿಂದಿರುಗಿಬಿಡುತ್ತಾರೆ. ಇಡೀ ದಿನ ಇಟ್ಟುಕೊಂಡು ಹೋಗಿ. ಬೆಳಗಿನ ತಂಪಿನಲ್ಲಿ ಜಟಿಂಗ ಹತ್ತಿ ಇಳಿದು, ಬಿಸಿಲೇರಿದ ಮೇಲೆ ಬ್ರಹ್ಮಗಿರಿ, ಸಿದ್ದಾಪುರ ನೋಡಿ. ಅತ್ತೆಯವರ ಮಂಡಿ ಈ ಮೆಟ್ಟಿಲುಗಳನ್ನು ಇಳಿಯುವಾಗ ಏನು ಹೇಳುತ್ತದೆ ಎಂಬುದೇ ನಿಮ್ಮ ಮುಂದಿನ ತೀರ್ಮಾನಕ್ಕೆ ಆಧಾರ. ಮರುದಿನ ಮಂಡಿ ಊದಿಕೊಂಡರೆ ಕೇದಾರವನ್ನು ನಡೆದು ಹತ್ತುವ ಮಾತನ್ನು ಅಲ್ಲಿಗೇ ಬಿಡಿ.

ಉಚ್ಚಂಗಿದುರ್ಗ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ದಾವಣಗೆರೆಯವರ ಪಾಲಿಗೆ ಮನೆಯಂಗಳದ ಬೆಟ್ಟವೇ. ಹುಣ್ಣಿಮೆಯ ದಿನ ಉಚ್ಚಂಗೆಮ್ಮನ ಸನ್ನಿಧಿಗೆ ಜನ ಕಿಕ್ಕಿರಿಯುತ್ತಾರೆ, ಅಂಥ ದಿನವೇ ಒಮ್ಮೆ ಹೋಗಿ. ಮೆಟ್ಟಿಲ ಮೇಲಿನ ಜನಜಂಗುಳಿಯಲ್ಲಿ ನಾಲ್ವರೂ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳದೆ ನಡೆಯುವುದೂ ಒಂದು ಅಭ್ಯಾಸ. ಕೇದಾರದ ದಾರಿಯಲ್ಲಿ ಮೊಬೈಲ್ ಸಂಪರ್ಕ ಎಲ್ಲ ಕಡೆ ಇರುವುದಿಲ್ಲ. ಹಸಿರು ಬೇಕೆನಿಸಿದರೆ ನ್ಯಾಮತಿ ಕಡೆಯ ತೀರ್ಥರಾಮೇಶ್ವರ ಇದೆ.

ಈಗ ಹಿಮಾಲಯಕ್ಕೆ ಬರೋಣ. ನನ್ನ ಮೊದಲ ಸಲಹೆ ಪ್ರಯಾಣದ ತಿಂಗಳನ್ನೇ ಬದಲಾಯಿಸಿ ಎಂಬುದು. ಮೇ, ಜೂನ್ ತಿಂಗಳುಗಳಲ್ಲಿ ದೇಶದ ಎಲ್ಲ ಶಾಲೆಗಳ ರಜೆಯೂ ಆ ಒಂದು ಕಣಿವೆಗೆ ಬಂದು ಬೀಳುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆ, ಭೂಕುಸಿತ. 2013ರ ಜೂನ್ 16 ಮತ್ತು 17ರಂದು ಚೋರಾಬಾರಿ ಕೆರೆ ಒಡೆದು ಮಂದಾಕಿನಿ ಉಕ್ಕಿದ್ದು ನಿಮಗೆ ನೆನಪಿರಬಹುದು. ರಾಂಬಾಡಾ ಎಂಬ ತಂಗುದಾಣ ಆಗ ಪೂರ್ತಿ ಕೊಚ್ಚಿಹೋಯಿತು, ಈಗಿನ ನಡಿಗೆಯ ದಾರಿ ಆಮೇಲೆ ಮಾಡಿದ್ದು. ಸೆಪ್ಟೆಂಬರ್ ಕೊನೆಯಿಂದ ಆಕಾಶ ತಿಳಿಯಾಗುತ್ತದೆ, ಜನ ಕಡಿಮೆಯಾಗುತ್ತಾರೆ, ಹಿಮಶಿಖರಗಳು ನಿಚ್ಚಳವಾಗಿ ಕಾಣುತ್ತವೆ. ದೀಪಾವಳಿ ಮುಗಿದು ಯಮದ್ವಿತೀಯದ ದಿನ ಕೇದಾರದ ಬಾಗಿಲು ಮುಚ್ಚುತ್ತಾರೆ. ನಮ್ಮ ಮಕ್ಕಳ ದಸರಾ ರಜೆ ಸರಿಯಾಗಿ ಈ ನಡುವಿನ ಹೊತ್ತಿಗೆ ಬರುತ್ತದೆ. ಚಳಿ ಮೇ ತಿಂಗಳಿಗಿಂತ ಹೆಚ್ಚು, ರಾತ್ರಿ ಶೂನ್ಯಕ್ಕಿಂತ ಕೆಳಗೆ ಇಳಿಯಬಹುದು. ಚಳಿಗೆ ಬಟ್ಟೆಯಿದೆ, ನೂಕುನುಗ್ಗಲಿಗೆ ಔಷಧವಿಲ್ಲ. ಮೇಲಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುರ್ಗದ ಬೆಟ್ಟಗಳು ತಂಪಾಗಿ, ಹಸಿರಾಗಿ ಇರುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಬೇಯುವ ಬದಲು ಆಗ ಅಭ್ಯಾಸ ಮಾಡಬಹುದು. ಬಂಡೆ ಒದ್ದೆಯಿದ್ದ ದಿನ ಮಾತ್ರ ಕೋಟೆ ಬಿಟ್ಟು ರಸ್ತೆಯ ನಡಿಗೆ ಮಾಡಿ.

ಎರಡನೆಯ ಸಲಹೆ ರಾತ್ರಿಗಳ ಬಗ್ಗೆ. ಹಗಲು ಎಷ್ಟು ಎತ್ತರಕ್ಕೆ ಹೋದಿರಿ ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದು ದೇಹಕ್ಕೆ ಮುಖ್ಯ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗಾದರೂ ಬರಬಹುದು. 3,000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯಕೀಯದ ನಿಯಮ. ಸಾಮಾನ್ಯ ಪ್ರವಾಸ ಪಟ್ಟಿಗಳು ಏನು ಮಾಡುತ್ತವೆ ನೋಡಿ: 300 ಮೀಟರ್ ಎತ್ತರದ ಹರಿದ್ವಾರದಿಂದ ಒಂದು ದಿನ ಬಸ್ಸಿನಲ್ಲಿ ಗುಪ್ತಕಾಶಿ, ಮರುದಿನ ಸೋನಪ್ರಯಾಗ, ಗೌರಿಕುಂಡ ದಾಟಿ ನೇರ ಕೇದಾರದಲ್ಲಿ ರಾತ್ರಿ. ಒಂದೇ ದಿನದಲ್ಲಿ ಮಲಗುವ ಎತ್ತರ ಎರಡು ಸಾವಿರ ಮೀಟರ್‌ಗೂ ಹೆಚ್ಚು ಜಿಗಿಯಿತು. ಅಲ್ಲಿ ರಾತ್ರಿಯಿಡೀ ತಲೆ ಹಿಡಿದುಕೊಂಡು ಕುಳಿತವರು ಊರಿಗೆ ಬಂದು ಚಳಿಗೆ ತಲೆನೋವು ಬಂತು ಎನ್ನುತ್ತಾರೆ.

ನಿಮ್ಮ ಪಟ್ಟಿಗೆ ಎರಡು ಮೂರು ದಿನ ಸೇರಿಸಿಕೊಳ್ಳಿ. ಗುಪ್ತಕಾಶಿಯ ಎದುರು ದಂಡೆಯಲ್ಲಿ, 1,300 ಮೀಟರ್ ಎತ್ತರದಲ್ಲಿ ಊಖೀಮಠವಿದೆ. ಬಾಣಾಸುರನ ಮಗಳು ಉಷೆಯ ಕಥೆಗೆ ಸೇರಿದ ಊರು. ಚಳಿಗಾಲದಲ್ಲಿ ಕೇದಾರದ ಬಾಗಿಲು ಮುಚ್ಚಿದಾಗ ಉತ್ಸವಮೂರ್ತಿಯನ್ನು ಹೊತ್ತು ತಂದು ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿ ಆರು ತಿಂಗಳು ಪೂಜಿಸುತ್ತಾರೆ. ನಮ್ಮ ಕಡೆಯವರಿಗೆ ಈ ಊರು ಇನ್ನೂ ಒಂದು ಕಾರಣಕ್ಕೆ ಹತ್ತಿರದ್ದು. ಕೇದಾರದ ರಾವಲರು, ಅಂದರೆ ಪ್ರಧಾನ ಗುರುಗಳು, ವೀರಶೈವ ಪರಂಪರೆಯವರು, ಪೂಜೆ ಮಾಡುವ ಅರ್ಚಕರೂ ಕರ್ನಾಟಕ ಮೂಲದವರು. ಬಾಳೆಹೊನ್ನೂರು, ಕೊಟ್ಟೂರಿನ ಬಳಿಯ ಉಜ್ಜಯಿನಿ, ಶ್ರೀಶೈಲ, ಕಾಶಿಗಳ ಜೊತೆ ಕೇದಾರವೂ ಸೇರಿ ಪಂಚಪೀಠ. ಅಲ್ಲಿ ಕನ್ನಡ ಮಾತು ಕಿವಿಗೆ ಬಿದ್ದರೆ ಅತ್ತೆಯವರು ಬೆರಗಾಗಬೇಕಿಲ್ಲ. ಊಖೀಮಠದಲ್ಲಿ ಒಂದು ರಾತ್ರಿ ಇದ್ದು, ಮರುದಿನ ಸುಮಾರು 2,600 ಮೀಟರ್ ಎತ್ತರದ ಚೋಪ್ತಾಕ್ಕೆ ಹೋಗಿ ಅಲ್ಲೊಂದು ರಾತ್ರಿ ಮಲಗಿ. ದೇವದಾರು, ಕೆಂಪು ಹೂವಿನ ಗುರಾಸ್ ಮರಗಳ ನಡುವಿನ ಆ ಬುಗ್ಯಾಲು, ಅಂದರೆ ಬೆಟ್ಟದ ಹುಲ್ಲುಗಾವಲು, ನೋಡಲು ಎಷ್ಟು ಚೆಂದವೋ ದೇಹಕ್ಕೂ ಅಷ್ಟೇ ಉಪಕಾರಿ. ಅಲ್ಲಿಂದ ತುಂಗನಾಥಕ್ಕೆ ನಾಲ್ಕು ಕಿಲೋಮೀಟರ್ ನಡಿಗೆ. ಆದರೆ ಅದು ಕೇದಾರಕ್ಕಿಂತಲೂ ಎತ್ತರ, ನೀವು ಮೂವರು ಅರ್ಧದಾರಿ ಹೋಗಿ ಮರಳಿದರೆ ಸಾಕು. ಆಮೇಲೆ ಇಳಿದು ಸೋನಪ್ರಯಾಗದಲ್ಲಿ ಉಳಿದು, ಮರುದಿನ ನಸುಕಿನಲ್ಲೇ ಕೇದಾರದ ನಡಿಗೆ ಶುರುಮಾಡಿ. ಚೋಪ್ತಾದ ಒಂದು ರಾತ್ರಿ ಪೂರ್ತಿ ಕಾಪಾಡುತ್ತದೆ ಎನ್ನಲಾರೆ, ಏನೂ ಇಲ್ಲದೆ ನೇರ ಜಿಗಿಯುವುದಕ್ಕಿಂತ ಎಷ್ಟೋ ಮೇಲು.

ದಾರಿಯಲ್ಲಿ ಮಾತಾಡುತ್ತಾ ನಡೆಯುವಷ್ಟೇ ವೇಗ ಇರಲಿ. ಮಾತು ತುಂಡಾಗುತ್ತಿದೆ ಎಂದರೆ ವೇಗ ಹೆಚ್ಚಾಯಿತು. ಭೀಮಬಲಿ, ಲಿಂಚೋಲಿಗಳಲ್ಲಿ ಕುಳಿತು ಏನಾದರೂ ತಿನ್ನಿ. ಮಂಡಕ್ಕಿ ಹಗುರವೆಂದು ಚೀಲ ತುಂಬಿಕೊಂಡು ಹೋಗುವವರಿದ್ದಾರೆ, ಮೊದಲ ಮಳೆಹನಿಗೇ ಅದರ ಕಥೆ ಮುಗಿಯುತ್ತದೆ. ಶೇಂಗಾ ಉಂಡೆ, ಹುರಿಗಡಲೆ-ಬೆಲ್ಲ ಒಳ್ಳೆಯದು. ಹೊಸ ಬೂಟು ಬೇಡ, ದುರ್ಗದಲ್ಲಿ ಹತ್ತಿ ಇಳಿದು ಪಳಗಿದ ಬೂಟೇ ಬೇಕು.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ಅತಿ ಆಯಾಸ ಬಂದರೆ ಅದು ಎತ್ತರದ ಕಾಯಿಲೆಯೇ ಎಂದು ತಿಳಿದು ಅಲ್ಲಿಂದ ಮೇಲೆ ಒಂದು ಹೆಜ್ಜೆಯೂ ಇಡಬೇಡಿ. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ಗೊಂದಲದ ಮಾತು ಕಂಡರೆ ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದರ್ಥ. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆಮ್ಲಜನಕ ಕೊಡಿಸುತ್ತಾ ಕೂಡಲೇ ಕೆಳಗಿಳಿಸಬೇಕು. ಒಂದು ಸುಲಭ ಪರೀಕ್ಷೆಯಿದೆ: ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನಡೆಸಿ ನೋಡಿ; ನೇರ ನಡೆಯಲಾಗದಿದ್ದರೆ ಹೊತ್ತೊಯ್ಯಲು ಜನ ಕರೆಯಿರಿ. ನಿದ್ರೆ ಬರಲಿಲ್ಲವೆಂದು ಯಾರೂ ನಿದ್ರೆಮಾತ್ರೆ ನುಂಗಬಾರದು, ಅದು ಉಸಿರಾಟವನ್ನು ಇನ್ನಷ್ಟು ನಿಧಾನಗೊಳಿಸುತ್ತದೆ. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ. ಸಲ್ಫಾ ಔಷಧ ಆಗದವರಿಗೆ ಅದು ಅಪಾಯ ತರಬಹುದು, ಬೇರೆ ಮಾತ್ರೆಗಳೊಡನೆ ಹೊಂದದಿರಬಹುದು. ಔಷಧ ಅಂಗಡಿಯವರನ್ನು ಕೇಳಿ ಕೊಳ್ಳುವ ವಸ್ತುವಲ್ಲ ಅದು, ವೈದ್ಯರೇ ಬರೆದುಕೊಡಬೇಕು.

ಇನ್ನು ಹೆಲಿಕಾಪ್ಟರ್. ಫಾಟಾ, ಸಿರ್ಸಿ, ಗುಪ್ತಕಾಶಿಗಳಿಂದ ಹೊರಟು ಕೆಲವೇ ನಿಮಿಷಗಳಲ್ಲಿ ಕೇದಾರದಲ್ಲಿ ಇಳಿಸುತ್ತಾರೆ. ಅದು ಉಳಿಸುವುದು ಮಂಡಿಯ ಶ್ರಮವನ್ನು. ಎತ್ತರದ ತೊಂದರೆಯನ್ನು ಅದು ಕಡಿಮೆ ಮಾಡುವುದಿಲ್ಲ, ನಿಧಾನವಾಗಿ ಹತ್ತಿದರೆ ದೇಹಕ್ಕೆ ಸಿಗುತ್ತಿದ್ದ ಕೆಲವು ಗಂಟೆಗಳನ್ನೂ ಕಿತ್ತುಕೊಳ್ಳುತ್ತದೆ. ಹಾಗೆಂದು ಇಳಿದವರೆಲ್ಲ ಕುಸಿದು ಬೀಳುವುದಿಲ್ಲ. ಲಕ್ಷಣಗಳು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ನಂತರ ಕಾಣಿಸುತ್ತವೆ, ಆದ್ದರಿಂದ ದರ್ಶನ ಮಾಡಿ ಎರಡು ಗಂಟೆಯಲ್ಲಿ ಮರಳಿದವರಿಗೆ ಬಹುತೇಕ ಏನೂ ಆಗದು. ಪ್ರವಾಸ ಏರ್ಪಡಿಸುವವರು ಹೇಳುವುದು ಇಂಥವರ ಅನುಭವ. ಆದರೆ ಮಧ್ಯಾಹ್ನದ ಹೊತ್ತಿಗೆ ಕಣಿವೆಗೆ ಮೋಡ ಕವಿದರೆ ಹಾರಾಟ ನಿಲ್ಲುತ್ತದೆ. ಆಗ ಕೈಚೀಲ ಮಾತ್ರ ಹಿಡಿದು ಹೋದ 68 ವರ್ಷದವರು, ಒಗ್ಗಿಕೊಳ್ಳದ ದೇಹ ಹೊತ್ತು, ಮಾತ್ರೆ ಸ್ವೆಟರ್‌ಗಳಿಲ್ಲದೆ, ಆ ಚಳಿಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಎತ್ತರದಲ್ಲಿ ಮೊದಲ ದಿನಗಳಲ್ಲಿ ರಕ್ತದೊತ್ತಡವೂ ಏರುತ್ತದೆ. ಹಾರಾಟಕ್ಕೂ ಅದರದೇ ಅಪಾಯವಿದೆ. 2025ರ ಜೂನ್ 15ರಂದು ಗೌರಿಕುಂಡದ ಬಳಿ ಹೆಲಿಕಾಪ್ಟರ್ ಬಿದ್ದು ಏಳು ಜನ ತೀರಿಕೊಂಡರು. ಟಿಕೆಟ್ ಕೊಳ್ಳುವುದೇ ಆದರೆ ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣದಲ್ಲಿ ಮಾತ್ರ ಕೊಳ್ಳಿ, ನಕಲಿ ತಾಣಗಳು ಹೇರಳವಾಗಿವೆ.

ಡೋಲಿ, ಕುದುರೆಗಳ ಸೌಲಭ್ಯ ಇದೆ. ಮಂಡಿನೋವಿನವರಿಗೆ ನಾನು ಕುದುರೆಗಿಂತ ಡೋಲಿಯನ್ನೇ ಹೇಳುತ್ತೇನೆ, ಇಳಿಜಾರಿನಲ್ಲಿ ಕುದುರೆಯ ಮೇಲೆ ಕೂರುವುದು ಮಂಡಿಗೂ ಸೊಂಟಕ್ಕೂ ಶಿಕ್ಷೆ. ವೈದ್ಯರು ಹೃದಯ ಪರೀಕ್ಷೆ ಮಾಡಿ, ಮಾತ್ರೆಗಳನ್ನು ನೋಡಿ ಒಪ್ಪಿದರೆ, ಚೋಪ್ತಾದ ರಾತ್ರಿ ಅವರಿಗೆ ಸಲೀಸಾಗಿ ಕಳೆದರೆ, ಡೋಲಿಯಲ್ಲಿ ಕೇದಾರಕ್ಕೆ ಹೋಗಲಿ. ಎರಡರಲ್ಲಿ ಒಂದಕ್ಕೆ ಇಲ್ಲ ಎಂದಾದರೆ ನಿಮ್ಮಲ್ಲಿ ಒಬ್ಬರು ಅತ್ತೆಯವರ ಜೊತೆ ಊಖೀಮಠದಲ್ಲಿ ಉಳಿಯಿರಿ, ಉಳಿದಿಬ್ಬರು ಮೇಲೆ ಹೋಗಿಬನ್ನಿ. ಓಂಕಾರೇಶ್ವರನ ಬಾಗಿಲವರೆಗೆ ವಾಹನ ಹೋಗುತ್ತದೆ. ವರ್ಷದ ಅರ್ಧಭಾಗ ಕೇದಾರನ ಪೂಜೆ ನಡೆಯುವ ಸ್ಥಳವನ್ನು ಎರಡನೆಯ ದರ್ಜೆಯ ದರ್ಶನ ಎಂದು ಹೇಳುವ ಧೈರ್ಯ ನನಗಿಲ್ಲ; ಅತ್ತೆಯವರಿಗೆ ಇದನ್ನು ಈಗಲೇ, ಊರಲ್ಲಿರುವಾಗಲೇ ಹೇಳಿ ಒಪ್ಪಿಸಿ. ಗೌರಿಕುಂಡದಲ್ಲಿ ನಿಂತು ಹೇಳಿದರೆ ಯಾರೂ ಒಪ್ಪುವುದಿಲ್ಲ.

ಬದರೀನಾಥಕ್ಕೆ ವಾಹನವೇ ಹೋಗುತ್ತದೆ, ಅದು 3,100 ಮೀಟರ್. ಹಿಂದಿನ ರಾತ್ರಿಯನ್ನು ಜೋಶಿಮಠದಲ್ಲಿ ಕಳೆದು, ಬೆಳಿಗ್ಗೆ ಹೋಗಿ ದರ್ಶನ ಮುಗಿಸಿ ಸಂಜೆಗೆ ಕೆಳಗಿಳಿದರೆ ಅತ್ತೆಯವರಿಗೂ ಹಗುರ.

ಹಣ ಕಟ್ಟುವ ಮೊದಲು ಪ್ರವಾಸ ಏರ್ಪಡಿಸುವವರಿಂದ ಪ್ರತಿ ರಾತ್ರಿ ಯಾವ ಊರಿನಲ್ಲಿ, ಎಷ್ಟು ಎತ್ತರದಲ್ಲಿ ಮಲಗುವುದು ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ. ಚೋಪ್ತಾ ಸೇರಿಸಲು ಆಗುವುದಿಲ್ಲ ಎಂದರೆ ಬೇರೆಯವರನ್ನು ನೋಡಿ. ಹಿಂದಿರುಗುವ ರೈಲು ಟಿಕೆಟ್‌ಗೆ ಮೊದಲು ಒಂದು ದಿನವನ್ನು ಖಾಲಿ ಬಿಡಿ, ರಸ್ತೆ ಮುಚ್ಚಿದರೆ ಅದು ಬೇಕಾಗುತ್ತದೆ. ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ. ನಾಲ್ವರ ಹೆಸರಲ್ಲೂ ಎರಡೂ ಧಾಮಗಳಿಗೆ ಮಾಡಿಸಿಡಿ, ಅತ್ತೆಯವರದನ್ನು ಕೇದಾರಕ್ಕೂ ಸೇರಿಸಿಯೇ. ವೈದ್ಯರು ಒಪ್ಪಿದರೆ ಆಗ ಓಡಾಡುವುದು ತಪ್ಪುತ್ತದೆ. ಅವರ ಹೆಲಿಕಾಪ್ಟರ್ ಟಿಕೆಟ್ ಮಾತ್ರ ಸದ್ಯಕ್ಕೆ ಬೇಡ.